ಒಬ್ಬನೇ ಹೊತ್ತ ಆಣೆ

ಅಂದು ಮುಂಜಾನೆ ಹತ್ತಿಮತ್ತೂರಿನ ಮೇಲೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಗುಡಿಯ ಗಂಟೆ ಕೇಳುತ್ತಿತ್ತು, ಗುಡಿ ಕಾಣುತ್ತಿರಲಿಲ್ಲ. ಕಾರ್ತಿಕ ಮುಗಿಯುತ್ತ ಬಂದಿತ್ತು. ದಾನವ್ವ ಎರಡು ಬಿಸಿ ರೊಟ್ಟಿ, ಒಂದಿಷ್ಟು ಪುಂಡಿಪಲ್ಯ ಕಟ್ಟಿಕೊಂಡು ಹೊಲದ ದಾರಿ ಹಿಡಿದಳು. ಅವಳ ಮಗ ಚನ್ನೇಶ ಹೊಲದ ಶೆಡ್ಡಿನಲ್ಲಿ ಮಲಗುತ್ತಿದ್ದ.

ಚನ್ನೇಶ ಹದಿನೇಳು ವರ್ಷ ಸೈನ್ಯದಲ್ಲಿದ್ದು ಬಂದವನು. ಊರಲ್ಲಿ ಅವನಿಗೆ ಮನೆ ಇತ್ತು, ಹೆಂಡತಿ ಶ್ವೇತಾ ಇದ್ದಳು, ಎಂಟು ವರ್ಷದ ಮಗಳು ಐಶ್ವರ್ಯ ಇದ್ದಳು. ಆದರೂ ಏಳು ತಿಂಗಳಿಂದ ಅವನು ಆ ಸೂರಿನಡಿ ಒಂದು ದಿನವೂ ಮಲಗಿರಲಿಲ್ಲ. ಕುಡಿಯಲು ಅಡ್ಡಿಯಾಗಬಾರದೆಂದು ಹೊಲ ಸೇರಿದ್ದಾನೆ ಎಂದು ಊರು ಹೇಳುತ್ತಿತ್ತು. ದಾನವ್ವನೂ ಹಾಗೇ ತಿಳಿದಿದ್ದಳು.

ಶೆಡ್ಡಿನಲ್ಲಿ ಅವನಿರಲಿಲ್ಲ. ಬುತ್ತಿ ಕೆಳಗಿಟ್ಟು ದಾನವ್ವ ಕೂಗಿದಳು. ಕಡಲೆ ಹೊಲದ ನಡುವಿನಿಂದ ಸದ್ದು ಬಂತು. ಹತ್ತಿರ ಹೋಗಿ ನೋಡಿದರೆ, ಚನ್ನೇಶ ಮೊಣಕಾಲೂರಿ ಕೂತು ಎರಡೂ ಕೈಯಿಂದ ಎರೆಮಣ್ಣು ತೋಡುತ್ತಿದ್ದ. ಉಗುರಲ್ಲಿ ರಕ್ತ. ಅಷ್ಟು ಥಂಡಿಯಲ್ಲೂ ಅಂಗಿ ಬೆವರಿನಿಂದ ತೊಯ್ದಿತ್ತು. ಮೈಯೆಲ್ಲ ನಡುಗುತ್ತಿತ್ತು.

"ವಸೀಮ, ಉಸಿರ ಹಿಡಕೊ. ಬಂದೆ, ಬಂದೆ," ಎನ್ನುತ್ತಿದ್ದ. ತಾಯಿ ಭುಜ ಮುಟ್ಟಿದರೂ ಅವನಿಗೆ ಗುರುತು ಸಿಗಲಿಲ್ಲ.

ದಾನವ್ವ ಚೀರಿಕೊಂಡಳು. ಮೂರು ದಿನದ ಹಿಂದೆ, ಸೋಮವಾರ, ಅವಳೇ ಮಗನನ್ನು ಗುಡಿಗೆ ಕರೆದೊಯ್ದಿದ್ದಳು. ವಿಭೂತಿ ಗಟ್ಟಿಯ ಮೇಲೆ ಕೈ ಇಡಿಸಿ, ಇನ್ನು ಒಂದು ಹನಿಯನ್ನೂ ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದ್ದಳು. ನಮ್ಮ ಕಡೆ ಇದು ಹೊಸದಲ್ಲ. ಕುಡುಕನ ಕೈ ವಿಭೂತಿಯ ಮೇಲಿಡಿಸುತ್ತೇವೆ, ಕಾಯಿ ಒಡೆಯುತ್ತೇವೆ, ಕೆಲಸ ಮುಗಿಯಿತೆಂದು ಮನೆಗೆ ಬರುತ್ತೇವೆ. ಮಗ ಕದ್ದು ಕುಡಿದಿರಬೇಕು, ಆಣೆ ತಿರುಗಿಬಿತ್ತು ಎಂದೇ ಆ ತಾಯಿ ನಂಬಿದಳು.

ಪಕ್ಕದ ಹೊಲದ ದ್ಯಾಮಪ್ಪ ಕೂಗು ಕೇಳಿ ಓಡಿ ಬಂದ. ಅವನು ಬರುವಷ್ಟರಲ್ಲಿ ಚನ್ನೇಶ ಕಣ್ಣು ಮೇಲೆ ಮಾಡಿ, ಹಲ್ಲು ಕಚ್ಚಿ, ಕೈಕಾಲು ಸೆಟೆದು ಬಿದ್ದಿದ್ದ. ದಾನವ್ವ, ಗುಡಿಗೆ ಒಯ್ಯೋಣ, ತಪ್ಪುಗಾಣಿಕೆ ಕಟ್ಟೋಣ ಎಂದಳು. ದ್ಯಾಮಪ್ಪನಿಗೆ ದಿಕ್ಕು ತೋಚಲಿಲ್ಲ. ಸೈನ್ಯದವನ ಸಂಕಟ ಸೈನ್ಯದವನಿಗೇ ಗೊತ್ತಿರಬಹುದು ಎಂದುಕೊಂಡು ಸವಣೂರಿನ ಬಂದೇಸಾಬನಿಗೆ ಫೋನು ಹಚ್ಚಿದ.

ಬಂದೇಸಾಬ ಸೈನ್ಯ ಬಿಟ್ಟು ಹದಿನೈದು ವರ್ಷವಾಗಿತ್ತು. ಫೋನಿನಲ್ಲಿ ಅವನು ಕೇಳಿದ್ದು ಒಂದೇ ಮಾತು, ಕುಡಿಯುವುದು ಬಿಟ್ಟು ಎಷ್ಟು ದಿನವಾಯಿತು ಎಂದು. ಆಣೆ ಮಾಡಿ ಮೂರು ದಿನವಾಯಿತು ಎಂದು ದ್ಯಾಮಪ್ಪ ಹೇಳಿದಾಗ, ಒಂದು ಮಗ್ಗುಲಿಗೆ ಮಲಗಿಸಿರಿ, ಬಾಯಿಗೆ ಏನೂ ಹಾಕಬೇಡಿರಿ, ೧೦೮ಕ್ಕೆ ಫೋನು ಮಾಡಿರಿ, ನಾನು ದವಾಖಾನೆಗೇ ಬರುತ್ತೇನೆ ಎಂದ.

ಸವಣೂರಿನ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಚನ್ನೇಶನನ್ನು ಮಲಗಿಸಿದರು. ದಾನವ್ವ ವರಾಂಡದ ಗೋಡೆಗೆ ಒರಗಿ ಕೂತಿದ್ದಳು. ಬಂದೇಸಾಬ ಚಹಾ ತಂದುಕೊಟ್ಟು ಎದುರಿಗೆ ಕೂತ.

"ಆಣಿ ಮುರದಾನಪ್ಪಾ. ಶಿವ ಹೊಡದಾನ," ಎಂದಳು ದಾನವ್ವ.

"ಇಲ್ಲ ಯವ್ವಾ. ಆಣಿ ಮುರದಿದ್ರ ಹಿಂಗ ಆಗ್ತಿದ್ದಿಲ್ಲ. ಆಣಿ ನಡಿಸ್ಯಾನ, ಅದಕ್ಕ ಹಿಂಗಾಗೇತಿ."

ದಾನವ್ವ ತಲೆ ಎತ್ತಿದಳು. ಬಂದೇಸಾಬ ನಿಧಾನವಾಗಿ ತಿಳಿಸಿ ಹೇಳಿದ. ದಿನಾಲೂ ವರ್ಷಗಟ್ಟಲೆ ಕುಡಿದವನ ಮೈ ಆ ಕುಡಿತಕ್ಕೆ ಒಗ್ಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ಇಲ್ಲದ್ದು ಕಾಣುತ್ತದೆ, ಫಿಟ್ಸ್ ಬರುತ್ತದೆ. ಜೀವವೂ ಹೋಗಬಹುದು. ಬಿಡಲೇಬೇಕು, ಆದರೆ ಡಾಕ್ಟರ ಕೈಯಲ್ಲಿ ಬಿಡಬೇಕು. ಮಗ ಮಾತಿಗೆ ತಪ್ಪದೆ, ಶೆಡ್ಡಿನಲ್ಲಿ ಒಬ್ಬನೇ, ಮೂರು ದಿನ ನಡುಗುತ್ತ ಬಿದ್ದಿದ್ದ ಎಂಬುದು ಆಗ ದಾನವ್ವನಿಗೆ ತಿಳಿಯಿತು. ಚಹಾ ಆರಿಹೋಯಿತು.

ಮೈ ಸುಧಾರಿಸಿದ ಮೇಲೆ ಮನಸ್ಸಿನ ಡಾಕ್ಟರಿಗೂ ತೋರಿಸಬೇಕು ಎಂದು ಬಂದೇಸಾಬ ಹೇಳಿದಾಗ ಮಾತ್ರ ದಾನವ್ವ ಒಪ್ಪಲಿಲ್ಲ.

"ಹುಚ್ಚರ ಡಾಕ್ಟರ್ ಕಡೆ ಬ್ಯಾಡ. ನಾಳೆ ನನ್ನ ಮೊಮ್ಮಗಳ್ನ ಹುಚ್ಚನ ಮಗಳು ಅಂತಾರ."

"ನಾನೂ ಅವರ ಕಡೇನ ಹೋಗೇನ್ರಿ ಯವ್ವಾ. ಈಗೂ ತಿಂಗಳಿಗೊಮ್ಮೆ ಹೋಗ್ತೇನಿ. ನನಗ ಹುಚ್ಚ ಐತೇನು?" ಎಂದ ಬಂದೇಸಾಬ. ಆರಿದ ಚಹಾದ ಲೋಟ ಎತ್ತಿಕೊಳ್ಳುತ್ತ, "ನಮ್ಮನ್ಯಾಕೀ ಐತಿ ಅಂತಾಳ, ಅದು ಬ್ಯಾರೆ ಮಾತು," ಎಂದ.

ದಾನವ್ವನಿಗೆ ಅಳುವಿನ ನಡುವೆಯೇ ನಗು ಬಂತು. ಆಮೇಲೆ ಅವಳು ಬೇಡ ಎನ್ನಲಿಲ್ಲ.

ಅಲ್ಲಿಂದ ಚನ್ನೇಶನನ್ನು ಜಿಲ್ಲಾ ಆಸ್ಪತ್ರೆಗೆ ಒಯ್ದರು, ಹನ್ನೆರಡು ದಿನ ಅಲ್ಲಿದ್ದ. ಬಂದೇಸಾಬ ದಿನ ಬಿಟ್ಟು ದಿನ ಹೋಗಿ ಮಂಚದ ಪಕ್ಕ ಕೂರುತ್ತಿದ್ದ. ಬುದ್ಧಿ ಹೇಳುತ್ತಿರಲಿಲ್ಲ. ಒಂದು ದಿನ ಚನ್ನೇಶ ತಾನಾಗಿಯೇ ಹೇಳಿದ.

ಹಿಮದ ನಡುವಿನ ಒಂದು ಠಾಣ್ಯ. ಆ ದಿನ ಕಾವಲಿನ ಡ್ಯೂಟಿ ಚನ್ನೇಶನದು. ಅವನಿಗೆ ಜ್ವರ ಬಂದಿತ್ತೆಂದು ವಿಜಯಪುರ ಕಡೆಯ ವಸೀಮ ತಾನೇ ಎದ್ದು ಹೋದ. ಹಿಮ ಕುಸಿಯಿತು. ಚನ್ನೇಶ ನಾಲ್ಕು ತಾಸು ಕೈಯಿಂದ ತೋಡಿದ. ಸಿಕ್ಕಾಗ ವಸೀಮನ ಉಸಿರು ನಿಂತಿತ್ತು. ಊರಿಗೆ ಬಂದ ಮೇಲೂ ಕಣ್ಣು ಮುಚ್ಚಿದರೆ ತೋಡುವುದೇ. ಕುಡಿದರೆ ಮಾತ್ರ ಕೈ ಸುಮ್ಮನಿರುತ್ತಿತ್ತು. ಏಳು ತಿಂಗಳ ಹಿಂದೆ ಒಂದು ಮುಂಜಾನೆ ಐಶ್ವರ್ಯ ಚಹಾ ಕುಡಿಯಲು ಬಾ ಎಂದು ಅವನ ಮೈ ಅಲುಗಿಸಿ ಎಬ್ಬಿಸಿದಳು. ಎಚ್ಚರಾಗುವ ಮೊದಲೇ ಅವನು ಮಗುವಿನ ರಟ್ಟೆ ಹಿಡಿದು ಗೋಡೆಗೆ ಒತ್ತಿದ್ದ. ರಟ್ಟೆ ಬಾತಿತು. ಮಗು ಅಜ್ಜಿಗೆ, ಆಡುವಾಗ ಬಿದ್ದೆ ಎಂದು ಹೇಳಿತು. ಅಂದೇ ಅವನು ಹಾಸಿಗೆ ಸುತ್ತಿಕೊಂಡು ಹೊಲಕ್ಕೆ ಹೋದ. ಕುಡಿಯಲಿಕ್ಕಲ್ಲ. ಇನ್ನೊಮ್ಮೆ ಆ ಕೈ ಮಗಳ ಮೇಲೆ ಬೀಳಬಾರದೆಂದು.

"ಗುಳಿಗಿ ತಗೊಂಡ್ರ ವಸೀಮನ್ನ ಮರೀತೇನೇನು?" ಎಂದು ಕೇಳಿದ.

"ಇಲ್ಲೋ ತಮ್ಮಾ. ನಾನೂ ನನ್ನ ಸತ್ತ ಜೋಡಿಯವನ್ನ ಮರತಿಲ್ಲ. ನಿದ್ದಿ ಬರತೈತಿ ಅಷ್ಟ. ನಿದ್ದಿ ಆದವಗ ನೆನಪ ಹೊರಾಕ ಬರತೈತಿ."

ಡಾಕ್ಟರು ಶ್ವೇತಾಳನ್ನೂ ಕೂರಿಸಿಕೊಂಡು ಹೇಳಿದರು. ಮಲಗಿದವನನ್ನು ಮುಟ್ಟಿ ಎಬ್ಬಿಸಬಾರದು, ದೂರ ನಿಂತು ಹೆಸರು ಹಿಡಿದು ಕರೆಯಬೇಕು. ಪಟಾಕಿ ಹೊಡೆಯುವ ಕಡೆ ಒತ್ತಾಯದಿಂದ ಒಯ್ಯಬಾರದು. ಯುದ್ಧದ ಕಥೆ ಹೇಳು ಎಂದು ಕೆದಕಬಾರದು, ಅವನಾಗಿ ಹೇಳಿದರೆ ಕೇಳಬೇಕು. ಇಷ್ಟು ಸಣ್ಣ ಮಾತು ಮೊದಲೇ ಗೊತ್ತಿದ್ದರೆ ಏಳು ತಿಂಗಳು ಬೇರೆ ಬೇರೆ ಮಲಗುತ್ತಿದ್ದೆವೇ ಎಂದು ಶ್ವೇತಾ ಬಸ್ಸಿನಲ್ಲಿ ಸೆರಗು ಕಣ್ಣಿಗೊತ್ತಿಕೊಂಡು ಬಂದಳು.

ದಾನವ್ವನಿಗೆ ಇನ್ನೂ ಒಂದು ಅಳುಕಿತ್ತು. ಗುಳಿಗೆ ನುಂಗಿ ಕುಡಿತ ಬಿಟ್ಟರೆ ಆಣೆಗೆ ಬೆಲೆ ಉಳಿಯುತ್ತದೆಯೇ ಎಂದು ಗುಡಿಯ ಅಯ್ಯನವರನ್ನು ಕೇಳಿದಳು. ಅವರು ವಿಭೂತಿ ತಟ್ಟೆ ಒರೆಸುತ್ತ ಹೇಳಿದರು: "ಆಣಿ ಮಾಡಿಸಿದಾಕಿ ನೀನು. ಅವನೊಬ್ಬನ ತಲಿಮ್ಯಾಲ ಹೊರಿಸಿ ಮನಿಗೆ ಬಂದಿ. ಈಗ ಡಾಕ್ಟ್ರು ಒಂದ ಹೆಗಲ ಕೊಟ್ಟಾರ. ನೀನೂ ಒಂದ ಕೊಡು."

ಅಂದಿನಿಂದ ದಾನವ್ವ ಪೂಜೆ ಮುಗಿಸಿ ಗುಳಿಗೆಯನ್ನೂ ನೀರನ್ನೂ ತಾನೇ ಹೊಲಕ್ಕೆ ಒಯ್ಯುತ್ತಿದ್ದಳು. ಆಸ್ಪತ್ರೆಯಿಂದ ಬಂದರೂ ಮನೆಯಲ್ಲಿ ಮಲಗಲು ಚನ್ನೇಶನಿಗೆ ಇನ್ನೂ ಧೈರ್ಯವಿರಲಿಲ್ಲ. ಸಂಜೆ ಊಟಕ್ಕೆ ಬರುತ್ತಿದ್ದ, ಐಶ್ವರ್ಯಳ ಲೆಕ್ಕದ ವಹಿ ನೋಡುತ್ತಿದ್ದ, ಎದ್ದು ಹೋಗುತ್ತಿದ್ದ. ಸಂಕ್ರಾಂತಿಯ ಹೊತ್ತಿಗೆ ಒಮ್ಮೆ ಜಾರಿದ. ದ್ಯಾಮಪ್ಪನೇ ಎಂದಿನಂತೆ, ಮಿಲ್ಟ್ರಿ, ಕ್ಯಾಂಟೀನಿಗೆ ಹೋಗೂಣ, ನಿನ್ನ ಬಾಟ್ಲಿ ಕೋಟಾದಾಗ ಅರ್ಧ ನಂದು ಎಂದು ಗಾಡಿ ಹತ್ತಿಸಿಕೊಂಡು ಹೋಗಿದ್ದ. ಮರುದಿನ ಚನ್ನೇಶ ತಾನೇ ಬಂದೇಸಾಬನಿಗೆ ಫೋನು ಮಾಡಿ, ಬಿದ್ದೆ ಎಂದ. ಬಿದ್ದವ ಫೋನ್ ಮಾಡ್ಯಾನ ಅಂದ್ರ ಎದ್ದಾನ ಅಂತಾನ ಅರ್ಥ ಎಂದು ಬಂದೇಸಾಬ ಅವನನ್ನು ಮತ್ತೆ ಡಾಕ್ಟರ ಕಡೆಗೆ ಕರೆದೊಯ್ದ. ಮುಂದಿನ ತಿಂಗಳು ದ್ಯಾಮಪ್ಪ ಬಂದಾಗ ಚನ್ನೇಶ, ಕ್ಯಾಂಟೀನ್ ಕಾರ್ಡು ಅವ್ವನ ಕಡೆ ಐತಿ, ಆಕಿನ್ನ ಕೇಳು ಎಂದ. ದ್ಯಾಮಪ್ಪ ಕೇಳಲಿಲ್ಲ. ತಲೆ ತಗ್ಗಿಸಿ ಹೋದ.

ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ಚನ್ನೇಶ ಹಾಸಿಗೆ ಸುತ್ತಿಕೊಂಡು ಮನೆಗೆ ಬಂದ. ಪಡಸಾಲೆಯಲ್ಲಿ ಗೋಡೆಯ ಕಡೆಗೆ ಹಾಸಿಕೊಂಡ. ಮುಂಜಾನೆ ಐಶ್ವರ್ಯ ಬಾಗಿಲಲ್ಲೇ ನಿಂತು ಕರೆದಳು.

"ಅಪ್ಪಾ, ನಾನು ಐಶ್ವರ್ಯ. ನೀ ಮನ್ಯಾಗ ಅದೀ. ಏಳು."

ಚನ್ನೇಶ ಕಣ್ಣು ತೆರೆದ. ತನ್ನ ಎರಡೂ ಕೈ ನೋಡಿಕೊಂಡ. ಅವು ಹೊದಿಕೆಯ ಮೇಲೆ ಸುಮ್ಮನಿದ್ದವು.

ಓದುತ್ತಿರುವ ತಾಯಂದಿರೇ, ಅಕ್ಕತಂಗಿಯರೇ, ಹಾನಗಲ್ಲಿರಲಿ ಹಿರೇಕೆರೂರಿರಲಿ, ಸೈನ್ಯದಿಂದ ಬಂದ ಒಬ್ಬ ನಿಮ್ಮ ಓಣಿಯಲ್ಲೂ ಇರಬಹುದು. ಅವನು ಮಂದಿಯಿಂದ ದೂರ ಕೂರುತ್ತಿದ್ದರೆ, ನಿದ್ದೆಯಲ್ಲಿ ಬೆಚ್ಚಿ ಕೂಗುತ್ತಿದ್ದರೆ, ಕುಡಿತವಿಲ್ಲದೆ ಕಣ್ಣು ಮುಚ್ಚದಿದ್ದರೆ, ಸೊಕ್ಕು ಅನ್ನಬೇಡಿ, ಗಾಳಿ ಹಿಡಿದಿದೆ ಅನ್ನಬೇಡಿ. ದಿನಾ ಕುಡಿಯುವವನನ್ನು ಆಣೆ ಹಾಕಿಸಿ ಒಮ್ಮೆಲೇ ನಿಲ್ಲಿಸಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ಸರಕಾರಿ ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಯಾವ ದಿನ ಬರುತ್ತಾರೆಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೋಗಲು ಆಗದಿದ್ದರೆ ೧೪೪೧೬ಕ್ಕೆ ಫೋನು ಮಾಡಿ. ದುಡ್ಡು ಬೀಳುವುದಿಲ್ಲ, ಯಾವ ಹೊತ್ತಿಗಾದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ದೇವರ ಮುಂದೆ ದೀಪ ಹಚ್ಚಿರಿ, ಅವನ ಪಕ್ಕದಲ್ಲಿ ಹೋಗಿಯೂ ಕೂರಿರಿ.

ಚನ್ನೇಶ ಮನೆಗೆ ಬಂದ ಎಂಟು ದಿನಕ್ಕೆ ದ್ಯಾಮಪ್ಪ ಕಟ್ಟೆಗೆ ಬಂದು ಕೂತ. ಅವರಿಬ್ಬರ ಹೊಲಕ್ಕೆ ಕೂಡಿ ಒಂದೇ ಬೋರು, ಮೂರು ದಿನ ಇವನ ಪಾಳಿ, ಮೂರು ದಿನ ಅವನ ಪಾಳಿ. ಚನ್ನೇಶ ಕುಡಿದು ಎಚ್ಚರವಿಲ್ಲದೆ ಬಿದ್ದಿರುತ್ತಿದ್ದ ತಿಂಗಳುಗಳಲ್ಲಿ ಆ ನೀರೆಲ್ಲ ದ್ಯಾಮಪ್ಪನ ಗೋವಿನಜೋಳಕ್ಕೆ ಹರಿದಿತ್ತು. ಅದನ್ನು ಚನ್ನೇಶ ಕೇಳಿರಲಿಲ್ಲ, ದ್ಯಾಮಪ್ಪ ಹೇಳಿರಲಿಲ್ಲ. ಶ್ವೇತಾ ಕೊಟ್ಟ ಚಹಾ ಕುಡಿದು ದ್ಯಾಮಪ್ಪ ಎದ್ದ. ಅಂಗಿಯ ಕಿಸೆಯಿಂದ ಪಂಪಿನ ಡಬ್ಬಿಯ ಕೀಲಿಕೈ ತೆಗೆದು ಚನ್ನೇಶನ ಅಂಗೈಯಲ್ಲಿ ಇಟ್ಟ.

"ಈ ಬ್ಯಾಸಗಿ ಪೂರ್ತಿ ನಿಂದ ಪಾಳಿ," ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ನಡೆದ.