ಎತ್ತಿನ ಮದ್ದು

ಹಂಗಳದಿಂದ ಚಾಮರಾಜನಗರಕ್ಕೆ ಹೊರಟ ಕಾರಿನಲ್ಲಿ ಇಬ್ಬರೇ ಇದ್ದರು. ಓಡಿಸುತ್ತಿದ್ದವಳು ಭೀಮನಬೀಡಿನ ಶಿವಮಲ್ಲಪ್ಪನವರ ಮಗಳು ಶಿವರಂಜಿನಿ. ಅಡ್ಡಗೋಲುಗಳ ಮೇಲೆ ಕುದುರೆ ನೆಗೆಸುವ ಆಟದಲ್ಲಿ ದೇಶಕ್ಕೇ ಮೊದಲಿಗಳು. ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತವನು ಅವಳ ಕುದುರೆ ನೋಡಿಕೊಳ್ಳುವ ಮಾದೇವ. ನೋಟರಿಯ ಮುಂದೆ ಅವನದೊಂದು ಸಹಿ ಬೇಕಿತ್ತು. ಅದು ಬಿದ್ದರೆ ಅವಳ ಎರಡು ವರ್ಷದ ನಿಷೇಧ ಆರು ತಿಂಗಳಿಗೆ ಇಳಿದು, ಏಷ್ಯನ್ ಕ್ರೀಡಾಕೂಟಕ್ಕೆ ಹೋಗಬಹುದಿತ್ತು. ಎರಡು ವರ್ಷ ಕಾದೇ ಹೋಗೋಣವೆಂದರೆ ಕುದುರೆಗೆ ಆಗಲೇ ಹದಿನೈದು ತುಂಬಿ, ನೆಗೆಯುವ ವಯಸ್ಸು ಮುಗಿಯುತ್ತ ಬಂದಿತ್ತು.

ಶಿವರಂಜಿನಿ ಒಂಬತ್ತನೇ ವಯಸ್ಸಿಗೆ ಮೈಸೂರಿನಲ್ಲಿ ಕುದುರೆ ಹತ್ತಿದಾಗ ನೆಂಟರೆಲ್ಲ ಮೂಗು ಮುರಿದಿದ್ದರು. ಹದಿನೆಂಟಕ್ಕೆ ರಾಷ್ಟ್ರಮಟ್ಟದ ಚಿನ್ನ ತಂದಾಗ ಅದೇ ನೆಂಟರು ಮೈಗೆ ಮೈ ತಾಗಿಸಿ ಫೋಟೊ ತೆಗೆಸಿಕೊಂಡರು. ಆಮೇಲೆ ಬೆಲ್ಜಿಯಂ. ಅಲ್ಲಿ ಎರಡು ಸಲ ಮೂಳೆ ಮುರಿದುಕೊಂಡಳು, ಒಂದು ಮದುವೆ ಮುರಿದುಕೊಂಡಳು, ಕುದುರೆಯನ್ನು ಮಾತ್ರ ಬಿಡಲಿಲ್ಲ. ಕೊರೀನಾ ಎಂಬ ಆ ಹೆಣ್ಣುಕುದುರೆ ಹೊಸಬರನ್ನು ಕಂಡರೆ ಕಚ್ಚುತ್ತಿತ್ತು. ಅಪ್ಪನ ಎತ್ತು ನೋಡಿಕೊಳ್ಳುತ್ತಿದ್ದ ಮಾದೇವನನ್ನು ಕರೆಸಿಕೊಂಡಳು. ಎತ್ತು ಪಳಗಿಸಿದ ಕೈ ಕುದುರೆಗೂ ಹಿಡಿಸಿತು. ಆರು ವರ್ಷ ಅವನು ಲಾಯದ ಪಕ್ಕದ ಕೋಣೆಯಲ್ಲೇ ಮುದ್ದೆ ಬೇಯಿಸಿಕೊಂಡು ಬದುಕಿದ.

ಹೋದ ವರ್ಷ ಒಂದು ದೊಡ್ಡ ಸ್ಪರ್ಧೆಯ ಬೆಳಿಗ್ಗೆ ಕೊರೀನಾಳ ಮುಂಗಾಲು ಕೊಂಚ ಊದಿತ್ತು. ಮಾದೇವ ಊರಿಂದ ಬಂದಿದ್ದ ಖಾರದ ಪುಡಿ, ಅರಿಶಿನ ಎರಡನ್ನೂ ಹರಳೆಣ್ಣೆಯಲ್ಲಿ ಬಿಸಿ ಮಾಡಿ ತಿಕ್ಕಿದ. ಉಳುಕಿದ ಎತ್ತಿಗೆ ಅವನಪ್ಪ ಹಾಕುತ್ತಿದ್ದ ಮದ್ದು ಅದು. ಅಂದು ಕುದುರೆ ಒಂದು ಕೋಲನ್ನೂ ತಾಗಿಸಲಿಲ್ಲ, ಕಪ್ ಬಂತು. ಮೂರು ವಾರಕ್ಕೆ ಕುದುರೆಯ ರಕ್ತಪರೀಕ್ಷೆಯ ವರದಿಯೂ ಬಂತು, ಅದರಲ್ಲಿ ಮೆಣಸಿನಕಾಯಿಯ ಅಂಶ ಸಿಕ್ಕಿತ್ತು. ಕಾಲು ಉರಿಯುವ ಕುದುರೆ ಕೋಲು ತಾಗೀತೆಂದು ಹೆದರಿ ಇನ್ನೂ ಮೇಲಕ್ಕೆ ನೆಗೆಯುತ್ತದಂತೆ. ಆದ್ದರಿಂದ ಆ ಆಟದಲ್ಲಿ ಮೆಣಸಿನಕಾಯಿ ಅಂದರೆ ಮೋಸ. ಹಚ್ಚಿದವರು ಯಾರೇ ಆಗಲಿ, ತಲೆ ಕೊಡಬೇಕಾದವರು ಸವಾರರು. ಅವರಿಗೆ ತಿಳಿಯದೆ ಆದದ್ದೆಂದು ತೋರಿಸಿದರೆ ಮಾತ್ರ ಶಿಕ್ಷೆ ಇಳಿಯುತ್ತದೆ.

ತೆರಕಣಾಂಬಿ ದಾಟಿದ ಮೇಲೆ ಶಿವರಂಜಿನಿ ಬಾಯಿಬಿಟ್ಟಳು. "ಸಹಿ ಹಾಕಿದ್ರೆ ನಿನ್ನ ಇನ್ಯಾವ ಲಾಯಕ್ಕೂ ಸೇರಿಸಲ್ಲ, ಮಾದೇವಣ್ಣ. ಗೊತ್ತಲ್ಲ?"

"ಗೊತ್ತು ಕಣವ್ವ. ತಪ್ಪು ಮಾಡಿರೋನು ನಾನು. ಕೊರೀನಾನ ಯಾರು ನೋಡ್ಕತಾರೆ?"

"ಯಾರಾದ್ರೂ ಸಿಗ್ತಾರೆ."

"ಕಿವಿ ಹಿಂದೆ ಕೆರಿಬೇಕು ಅಂತ ಏಳಿ ಅವ್ರಿಗೆ. ಇಲ್ದಿದ್ರೆ ತಿನ್ನಾಕಿಲ್ಲ."

ಚಾಮರಾಜನಗರದಲ್ಲಿ ನೋಟರಿ ಮಲ್ಲಿಕಾರ್ಜುನಸ್ವಾಮಿ ಕನ್ನಡಕ ಏರಿಸಿ, ಶಿವರಂಜಿನಿಯ ವಕೀಲರು ಕಳಿಸಿದ್ದ ಹೇಳಿಕೆಯನ್ನು ಜೋರಾಗಿ ಓದಿದರು. "ಸವಾರರಿಗೆ ತಿಳಿಸದೆ, ಅವರ ಒಪ್ಪಿಗೆ ಪಡೆಯದೆ, ನನ್ನ ಸ್ವಂತ ಬುದ್ಧಿಯಿಂದ ಈ ಮದ್ದನ್ನು ಹಚ್ಚಿರುತ್ತೇನೆ."

ಮಾದೇವ ಕೈಗೆತ್ತಿಕೊಂಡಿದ್ದ ಪೆನ್ನು ಕೆಳಗಿಟ್ಟ. "ಇದೊಂದು ಸರಿಯಿಲ್ಲ ಸಾಮಿ. ನಾನು ಕೇಳಿದ್ನಲ್ಲ." ಅವಳತ್ತ ತಿರುಗಿದ. "ಅವತ್ತು ನೀವು ಮೈದಾನದಲ್ಲಿ ಎಜ್ಜೆ ಎಣಿಸ್ಕಂಡು ಬತ್ತಿದ್ರಿ. ಗೇಟತ್ರ ನಿಂತು ಕೇಳ್ದೆ. ಕಾಲು ಊದ್ಕಂಡದೆ, ನಮ್ಮ ಎತ್ತಿನ ಮದ್ದು ಆಕ್ಲಾ ಅಂತ. 'ಹೂಂ, ಹಾಕು' ಅಂದ್ರಲ್ಲವ್ವ."

ಸ್ಪರ್ಧೆಗೆ ಮೊದಲು ಸವಾರರು ಖಾಲಿ ಮೈದಾನದಲ್ಲಿ ನಡೆದು ಕೋಲಿಂದ ಕೋಲಿಗೆ ಹೆಜ್ಜೆಯ ಲೆಕ್ಕ ಹಿಡಿಯುತ್ತಾರೆ. ಮನುಷ್ಯನ ನಾಲ್ಕು ಹೆಜ್ಜೆ ಕುದುರೆಗೆ ಒಂದು. ಲೆಕ್ಕ ತಪ್ಪಿದರೆ ನೆಗೆತವೂ ತಪ್ಪುತ್ತದೆ. ಲೆಕ್ಕ ತಪ್ಪಬಾರದೆಂದೇ ಶಿವರಂಜಿನಿ ಅವನನ್ನು ಬೇಗ ಸಾಗಹಾಕಿದ್ದಳು. ಆಗ ಇಪ್ಪತ್ನಾಲ್ಕನೇ ಹೆಜ್ಜೆಯಲ್ಲಿದ್ದಳು, ಅದೂ ನೆನಪಿತ್ತು. ವರದಿ ಬಂದಂದಿನಿಂದ ತನ್ನ ಆ 'ಹೂಂ' ನೆನಪಾಗದ ದಿನವಿರಲಿಲ್ಲ. ವಕೀಲರಿಗೆ ಮಾತ್ರ ಹೇಳಿರಲಿಲ್ಲ.

"ಏನಮ್ಮಾ, ಹೌದಾ?" ಎಂದರು ಮಲ್ಲಿಕಾರ್ಜುನಸ್ವಾಮಿ. "ಹಂಗಿದ್ರೆ ಈ ಸಾಲು ಹೊಡೆದು ಹಾಕ್ಬೇಕು."

ಆ ಸಾಲು ಹೋದರೆ ನಿಷೇಧ ಆರು ತಿಂಗಳಿಗೆ ಇಳಿಯುವ ಮಾತೂ ಹೋದಂತೆ. ಶಿವರಂಜಿನಿಗೆ ಮುಖ ಬಿಸಿಯಾಯಿತು. ನಾಚಿಕೆಯಾಯಿತು. ಆದರೂ ಮಾತು ಸಲೀಸಾಗಿ ಬಂತು.

"ನನಗೆ ನೆನಪಿಲ್ಲ."

ಮಾದೇವ ಅವಳನ್ನೇ ನೋಡಿದ. ಅವಳು ಮೇಜಿನ ಮೇಲಿದ್ದ ಕಾಗದ ನೋಡುತ್ತಿದ್ದಳು.

"ನಿಮ್ಗೆ ನೆನಪಿಲ್ಲ ಅಂದ್ಮೇಲೆ ನಾನು ಕೇಳೇ ಇಲ್ಲ ಬುಡಿ," ಎಂದ ಅವನು. ನೋಟರಿಯ ಕಡೆ ತಿರುಗಿ, "ಎಲ್ಲಿ ಆಕ್ಬೇಕು ಸಾಮಿ?" ಎಂದು ಕೇಳಿ, ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಒಂದೊಂದೇ ಅಕ್ಷರ ಬರೆದು ಸಹಿ ಮಾಡಿದ.