ಕುದಿಯುವ ನೀರು, ಬೇಯದ ಬೇಳೆ

ಮತ್ತೆ ಧಪ್ ಎಂದಿತು, ಮಾಳಿಗೆಯ ಮೇಲೆ ಇನ್ನೊಂದು ಹೊರೆ ಹುಲ್ಲು ಬಿತ್ತು, ತೊಲೆಯ ಸಂದಿಯಿಂದ ಸಣ್ಣಗೆ ಧೂಳು ಇಳಿದು ಕಿಟಕಿಯ ಬಿಸಿಲಲ್ಲಿ ತೇಲುತ್ತಿದೆ, ಪಾತ್ರೆಗೆ ಬಿದ್ದೀತು, ತಟ್ಟೆ ಮುಚ್ಚಬೇಕು, ಮುಚ್ಚಿದರೆ ಉಕ್ಕುತ್ತದೆ — ಉಕ್ಕಲಿ, ಉಕ್ಕಿದರೂ ಬೆಂದರೆ ಸಾಕು, ಒಂದು ಬೇಳೆ ತೆಗೆದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಒತ್ತುತ್ತೇನೆ, ಕಲ್ಲು, ಇನ್ನೂ ಕಲ್ಲು, ನೀರು ಮಾತ್ರ ಮದುವೆ ಮನೆಯ ಹಂಡೆಯ ಹಾಗೆ ಕೊತಕೊತ ಕುಣಿಯುತ್ತಿದೆ. ಆಶ್ವಯುಜ ಮುಗಿಯುತ್ತ ಬಂತು, ನಮ್ಮ ತವರಿನ ಕಡೆ ಈಗ ರಾಗಿ ತೆನೆ ತುಂಬುವ ಹೊತ್ತು, ಇಲ್ಲಿ ಲೇಹ್‌ನಲ್ಲಿ ಎಲ್ಲ ಕೊಯ್ದು ಮುಗಿಸಿ ಚಳಿಗೆ ಬಾಗಿಲು ಹಾಕಿಕೊಳ್ಳುವ ಸನ್ನಾಹ, ಬಣವೆ ಒಟ್ಟುವುದಿಲ್ಲ ಇವರು, ಹುಲ್ಲನ್ನೂ ಸೌದೆಯನ್ನೂ ಬೆರಣಿಯನ್ನೂ ಮನೆಯ ತಲೆಯ ಮೇಲೇ ಪೇರಿಸುತ್ತಾರೆ, ಈ ಮನೆಯ ಹುಡುಗ ರಿಗ್ಜಿನ್‌ನ ತಾಯಿ ಬೆಳಗಿನಿಂದ ಏಣಿ ಹತ್ತುತ್ತಾಳೆ ಇಳಿಯುತ್ತಾಳೆ, ನನ್ನ ವಯಸ್ಸೇ ಇರಬೇಕು, ಏದುಸಿರಿಲ್ಲ, ನನಗೆ ಕೂತಲ್ಲಿಂದ ಏಳುವುದಕ್ಕೇ ಎದೆ ಹೊಡೆದುಕೊಳ್ಳುತ್ತದೆ. ನಿನ್ನೆ ವಿಮಾನ ಇಳಿಯುತ್ತಲೇ ರಿಗ್ಜಿನ್ ಹೇಳಿದ, ಅಮ್ಮಾ, ಎರಡು ದಿನ ಏನೂ ಕೆಲ್ಸ ಮಾಡ್ಬೇಡಿ, ಇಲ್ಲಿ ಗಾಳಿ ಕಮ್ಮಿ, ಸುಮ್ನೆ ಕೂತ್ಕೊಳಿ — ನಮ್ಮ ಅಂಗಡಿಯಿರುವ ತರಗುಪೇಟೆಯಲ್ಲಿ ಮೂಟೆ ಇಳಿಸುವವರಿಂದ ಕಲಿತ ಕನ್ನಡ, ಅದರಲ್ಲಿ ಅಮ್ಮಾ ಎಂಬುದೊಂದು ಮಾತ್ರ ಮೆತ್ತಗೆ. ದಾರಿಯಲ್ಲಿ ಅರ್ಧ ಅಂಗಡಿಗಳ ಶಟರ್ ಇಳಿದಿತ್ತು, ಟೂರಿಸ್ಟ್ ಎಲ್ಲಾ ಖಾಲಿ ಅಮ್ಮಾ, ಸೀಸನ್ ಮುಗೀತು, ಇನ್ಮೇಲೆ ನಮ್ಮೂರು ನಮಗೆ, ಎಂದ, ರಸ್ತೆಯಂಚಿನ ಮರಗಳು ಅರಿಶಿನ ಮಿಂದ ಹಾಗೆ ನಿಂತಿದ್ದವು, ಅವುಗಳ ಹಿಂದೆ ಬೋಳು ಬೆಟ್ಟ, ಅದರ ಹಿಂದೆ ಬರೀ ಬಿಳಿ. ಶರಣ್ಯ ಕಾರಿನಲ್ಲಿ ಅವನ ಪಕ್ಕ ಮುಂದಿನ ಸೀಟಿನಲ್ಲಿ ಕೂರಲಿಲ್ಲ, ನನ್ನ ಪಕ್ಕದಲ್ಲೇ ಕೂತಳು, ನನ್ನ ಸೊಸೆ, ನನ್ನ ಪ್ರಭುವಿನ ಹೆಂಡತಿ — ಹೆಂಡತಿಯಾಗಿದ್ದವಳು — ನೋಡು, ಈ ಮಾತು ಬಾಯಲ್ಲಿ ಹೊರಳುವುದಿಲ್ಲ, ಸೊಸೆಗೆ ಗಂಡು ನೋಡಲು ಬಂದಿದ್ದೇನೆ, ಇದೂ ಹೊರಳುವುದಿಲ್ಲ, ಸಂಜೆ ರಿಗ್ಜಿನ್‌ನ ಸೋದರಮಾವ ಬರುತ್ತಾರಂತೆ, ಅವರ ಮುಂದೆ ನಾನು ಹೂಂ ಎನ್ನಬೇಕು, ಇಲ್ಲ ಉಹೂಂ ಎನ್ನಬೇಕು.

ಬೇಳೆಯ ಮೇಲೆ ಅನುಮಾನವಿಲ್ಲ. ಕಲಬುರಗಿಯಿಂದ ಅಂಗಡಿಗೆ ತೊಗರಿಬೇಳೆಯ ಲೋಡು ಬಂದಾಗಲೆಲ್ಲ ಅದರಿಂದ ಒಂದು ಹಿಡಿ ಚಾಮರಾಜಪೇಟೆಯ ಮನೆಗೆ ಬರುತ್ತದೆ, ನಾನು ಬರೀ ಪಾತ್ರೆಯಲ್ಲಿ ಬೇಯಲಿಡುತ್ತೇನೆ, ಕುಕ್ಕರಿನಲ್ಲಿ ಎಂಥ ಬೇಳೆಯಾದರೂ ಬೇಯುತ್ತದೆ, ಅದರಿಂದ ಗುಣ ತಿಳಿಯುವುದಿಲ್ಲ, ಕುದಿ ಬಂದು ಸ್ವಲ್ಪ ಹೊತ್ತಿಗೆ ಒಂದನ್ನು ತೆಗೆದು ಒತ್ತಿ ನೋಡಿ ನಾನು ಹೂಂ ಅಂದರೆ ಯಜಮಾನರು ಲೋಡು ಇಳಿಸಿಕೊಳ್ಳುತ್ತಾರೆ, ಉಹೂಂ ಅಂದರೆ ಲಾರಿ ಹಾಗೇ ಪಕ್ಕದ ಅಂಗಡಿಗೆ ತಿರುಗುತ್ತದೆ, ದಲ್ಲಾಳಿಗಳು ನಗುತ್ತಾರೆ, ವೃಷಭೇಂದ್ರಪ್ನೋರೆ, ಅಂಗಡಿ ನಿಮ್ದು, ಬೆರಳು ಅಮ್ಮೋರ್ದು. ಆ ಬೆರಳು ಒಪ್ಪಿದ ಬೇಳೆಯನ್ನೇ ಗಂಟು ಕಟ್ಟಿ ತಂದದ್ದು, ಜೊತೆಗೆ ಅಕ್ಕಿ, ಹುಣಸೆಹಣ್ಣು, ಸಾರಿನ ಪುಡಿ, ಉಪ್ಪು — ಉಪ್ಪೂ ಕಟ್ಕೊಂಡ್ರಾ ಅತ್ತೆ, ಲೇಹ್‌ನಲ್ಲಿ ಉಪ್ಪು ಸಿಗಲ್ವಾ, ಎಂದು ಶರಣ್ಯ ನಕ್ಕಳು, ಯಾಕೆಂದು ಹೊಳೆದ ಕೂಡಲೇ ನಗು ನಿಲ್ಲಿಸಿದಳು. ನೆಂಟಸ್ತನ ನೋಡಲು ಹೋದವರು ಮಾತು ಆಗುವ ತನಕ ಆ ಮನೆಯ ಉಪ್ಪು ಮುಟ್ಟಬಾರದು, ನಮ್ಮಜ್ಜಿ ಹೇಳಿದ್ದು, ನಮ್ಮವ್ವ ನಡೆಸಿದ್ದು, ಹಾಲು ಕುಡಿಯಬಹುದು, ಹಣ್ಣು ತಿನ್ನಬಹುದು, ಸಕ್ಕರೆ ಬಾಯಿಗೆ ಹಾಕಿಕೊಳ್ಳಬಹುದು, ಉಪ್ಪು ನಾಲಿಗೆಗೆ ತಗುಲಿ ಗಂಟಲಲ್ಲಿ ಇಳಿಯಿತೋ ಅಲ್ಲಿಗೆ ಮುಗಿಯಿತು, ಆ ಮನೆಯ ಋಣ ಬಿತ್ತು, ಆಮೇಲೆ ಬೇಡ ಎನ್ನುವ ಹಾಗಿಲ್ಲ. ಪ್ರಭುವಿಗೆ ಹೆಣ್ಣು ನೋಡಲು ಬಸವನಗುಡಿಗೆ ಹೋದ ದಿನ, ಶರಣ್ಯಳ ತಾಯಿ ತಟ್ಟೆಯಲ್ಲಿ ಒಂದು ಕಡೆ ಕೇಸರಿಬಾತು ಇನ್ನೊಂದು ಕಡೆ ಉಪ್ಪಿಟ್ಟು ಇಟ್ಟು ಕೊಟ್ಟರು, ನಾನು ಕೇಸರಿಬಾತಿನ ಅಂಚನ್ನಷ್ಟೇ ಮುಟ್ಟುತ್ತ ಕೂತಿದ್ದೆ, ಹುಡುಗಿ ಇನ್ನೂ ಹೊರಗೇ ಬಂದಿಲ್ಲ, ಈ ಪ್ರಭು ಉಪ್ಪಿಟ್ಟು ಖಾಲಿ ಮಾಡಿ, ಆಂಟಿ, ಚೆನ್ನಾಗಿದೆ, ಇನ್ನೊಂಚೂರು ಹಾಕಿ, ಎಂದು ತಟ್ಟೆ ಚಾಚಿದ, ನಾನು ತೊಡೆ ಚಿವುಟಿದೆ, ಯಜಮಾನರು ಎಲ್ಲರಿಗೂ ಕೇಳುವ ಹಾಗೆ, ಬಿಡೇ ಶಿವಕುಮಾರಿ, ಅವನ ಮಾತು ಅವನು ಆಡಿಯಾಯ್ತು, ಅಂದರು, ಪರದೆಯ ಹಿಂದೆ ಕಿಸಕ್ ಎಂದು ಒಂದು ನಗು — ಮುಖ ನೋಡುವ ಮುಂಚೆ ನಾವು ನೋಡಿದ್ದು ಅವಳ ಆ ನಗುವನ್ನೇ. ಆ ನಗು ಪ್ರಭು ಹೋದ ಮೇಲೆ ಎಲ್ಲಿ ಹೋಗಿತ್ತು, ಜ್ವರ ಎಂದು ಮಲಗಿದವನು, ಶುಕ್ರವಾರ ಅಂಗಡಿಗೆ ಹೋಗ್ತೀನಮ್ಮ ಅಂದಿದ್ದವನು, ಶುಕ್ರವಾರ ಬಂತು, ಅವನಿರಲಿಲ್ಲ.

ಇನ್ನೊಂದು ಬೇಳೆ, ಒತ್ತು, ಉಹೂಂ. ಹೊಟ್ಟೆ ಚುರುಗುಟ್ಟುತ್ತಿದೆ, ನಿನ್ನೆಯಿಂದ ಸಕ್ಕರೆ ಚಹಾ, ಸೇಬು, ಒಣಗಿದ ಏಪ್ರಿಕಾಟು, ಇಷ್ಟೇ, ನಿನ್ನೆ ಆ ತಾಯಿ ನಮಗೆಂದು ಮಾಂಸ ಹಾಕದೆ ಗೋಧಿಹಿಟ್ಟಿನ ಸಣ್ಣ ಬಿಲ್ಲೆಗಳನ್ನು ಮೂಲಂಗಿ ಆಲೂಗಡ್ಡೆಯ ಜೊತೆ ಬೇಯಿಸಿ ತಂದಿಟ್ಟಳು, ನಾನು ಹೊಟ್ಟೆ ಮುಟ್ಟಿಕೊಂಡು ಕೈಯಾಡಿಸಿದೆ, ಅವಳ ಮುಖ ಸ್ವಲ್ಪ ಇಳಿಯಿತು, ಶರಣ್ಯಳೂ ತಿನ್ನಲಿಲ್ಲ, ತಿನ್ನಬೇಡ ಎಂದು ನಾನು ಹೇಳಿರಲಿಲ್ಲ, ಅವಳು ಯಾವತ್ತೂ ಹಾಗೇ, ಹೇಳದ್ದನ್ನೂ ಪಾಲಿಸುವವಳು. ಪ್ರಭು ಹೋದ ಮೇಲೆ ಅವಳು ಮಾವನ ಬದಲು ಗಲ್ಲಾದ ಮುಂದೆ ಮೊದಲ ದಿನ ಕೂತಾಗ ಎಷ್ಟು ಜನ ಬಂದು, ಯಜಮಾನ್ರಿಲ್ವಾಮ್ಮ, ಎಂದು ಕೇಳಿ ಹೊರಗೇ ನಿಂತರು, ಚಳಿಗಾಲಕ್ಕೆ ಲೇಹ್‌ನಿಂದ ಏಪ್ರಿಕಾಟಿನ ಮೂಟೆ ಹೊತ್ತು ಬರುವ ಈ ರಿಗ್ಜಿನ್ ಮಾತ್ರ ಹಾಗೆ ಕೇಳಲಿಲ್ಲವಂತೆ, ಮೂಟೆಯ ಬಾಯಿ ಬಿಚ್ಚಿ, ತೋಳು ಪೂರ್ತಿ ಒಳಗಿಳಿಸಿ ತಳದಿಂದ ಒಂದು ಹಿಡಿ ತೆಗೆದು ಅವಳ ಮುಂದೆ ಇಟ್ಟನಂತೆ, ಆವತ್ತು ಊಟಕ್ಕೆ ಕೂತಾಗ ಯಜಮಾನರು ಹೇಳಿದರು, ತಳದ ಮಾಲು ತೋರ್ಸೋನು ಕಣೇ ಇವ್ನು, ಮೂವತ್ತು ವರ್ಷದಲ್ಲಿ ಮೇಲಿನ್ದು ತೋರ್ಸೋರನ್ನೇ ನೋಡಿದೀನಿ. ಆಮೇಲೆ ಹೋದ ಚಳಿಗಾಲ ಅವರೇಕಾಯಿಯ ದಿನ, ನೆನೆಸಿದ ಅವರೆಕಾಳು ಹಿಸುಕುತ್ತ ನಾವಿಬ್ಬರೂ ಕೂತಿದ್ದೇವೆ, ಸಿಪ್ಪೆ ಒಂದು ಕಡೆ ಬೇಳೆ ಒಂದು ಕಡೆ, ಅವಳು ತಲೆ ಎತ್ತದೆ, ಅತ್ತೆ, ರಿಗ್ಜಿನ್ ನನ್ನ ಮದುವೆ ಆಗ್ತೀನಿ ಅಂತ ಕೇಳಿದಾನೆ, ನಿಮಗೆ ಹೇಳ್ದೆ ನಾನು ಏನೂ ಹೇಳಿಲ್ಲ, ಎಂದಳು, ನನ್ನ ಬೆರಳು ನಿಲ್ಲಲಿಲ್ಲ, ಹಿಸುಕುತ್ತಲೇ ಇದ್ದೆ, ಸಿಪ್ಪೆಯನ್ನು ಬೇಳೆಯ ಕಡೆ ಹಾಕುತ್ತಿದ್ದೆ, ಅವಳು ಆರಿಸಿ ಆರಿಸಿ ಈ ಕಡೆ ಹಾಕಿದಳು. ನೀವು ಬಂದು ಮನೆ ನೋಡಿ, ಬೇಡ ಅಂದ್ರೆ ಬೇಡ, ನಾನೇನು ಬೇಜಾರು ಮಾಡ್ಕೊಳಲ್ಲ ಅಂದಳು, ಬೇಜಾರು ಮಾಡಿಕೊಂಡಿದ್ದರೆ ಒಳ್ಳೆಯದಿತ್ತು, ಜಗಳವಾಡಬಹುದಿತ್ತು. ಮಠಕ್ಕೆ ಬರುವ ಹೆಂಗಸರು ಕೇಳಿದರು, ಅಷ್ಟು ದೂರದ ಬೌದ್ಧರ ಮನೆಗಾ ಶಿವಕುಮಾರಿ, ನಮ್ಮೋರಲ್ಲೇ ಎರಡನೇ ಸಂಬಂಧ ಸಿಗ್ತಿರ್ಲಿಲ್ವಾ, ಯಜಮಾನರು ಒಳಗಿಂದಲೇ ಕೂಗಿದರು, ನಿಮ್ಮ ಕಣ್ಣಿಗೆ ಬಿದ್ದಿದ್ರೆ ಮೊದಲೇ ಹೇಳ್ಬೇಕಿತ್ತಮ್ಮ, ಈಗ್ಯಾಕೆ. ಅವರಿಗೆ ಸುಲಭ, ಅವರು ಪ್ರಭುವಿನ ಅಂಗಿಗಳನ್ನೆಲ್ಲ ಕೊಟ್ಟುಬಿಟ್ಟವರು, ನಾನು ಒಂದನ್ನು ಇಟ್ಟುಕೊಂಡಿದ್ದೇನೆ, ಆ ಅಂಗಿಯನ್ನೂ ಸೊಸೆಯನ್ನೂ ಒಂದೇ ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದೆನೇ ನಾನು — ಛೆ, ಎಂಥ ಮಾತು, ಇವತ್ತು ಬೆಳಗ್ಗೆ ಇಲ್ಲಿ ಲಿಂಗಪೂಜೆಗೆ ಕೂತಾಗ ಕೂಡ ಕಣ್ಣು ಮುಚ್ಚಿದರೆ ಅವನೇ, ಎದುರಿಗೆ ಆ ತಾಯಿ ತನ್ನ ಬುದ್ಧನ ಮುಂದೆ ಸಾಲಾಗಿ ಬಟ್ಟಲಿಟ್ಟು ನೀರು ತುಂಬುತ್ತಿದ್ದಳು, ನಾನು ಕಣ್ಣು ತೆರೆಯುವ ತನಕ ಸದ್ದಾಗದ ಹಾಗೆ.

ಫೋನು ಅಲುಗುತ್ತಿದೆ, ಯಜಮಾನರು, ಹಿಂದೆ ತರಗುಪೇಟೆಯ ಕೈಗಾಡಿಗಳ ಸದ್ದು, ಯಾರೋ ಯಾರಿಗೋ ದಾರಿ ಬಿಡೋ ಗುರು ಎಂದು ಬೈಯುತ್ತಿದ್ದಾರೆ, ಎದೆ ತಂಪಾಯಿತು. ಏನ್ಮಾಡ್ತಿದೀಯ, ಉಸಿರಾಟ ಹೆಂಗಿದೆ, ಅಂದರು, ಬೇಳೆ ಬೇಯ್ತಿಲ್ಲ ಕಣ್ರೀ ಅಂದೆ. ಏನು, ನಮ್ಮ ಬೇಳೆನಾ? ನಮ್ಮ ಬೇಳೆನೇ. ಸುಮ್ನಿರೇ, ಫೋನಲ್ಲಿ ಗಟ್ಟಿಯಾಗಿ ಹೇಳ್ಬೇಡ, ಇಲ್ಲಿ ಗಿರಾಕಿ ನಿಂತವ್ರೆ. ನಗು ಬಂತು, ನಕ್ಕದ್ದಕ್ಕೇ ಏದುಸಿರು ಬಂತು, ಮನೆ ಹೆಂಗಿದೆ ಅಂದರು, ನಾನು ಸುತ್ತ ನೋಡಿದೆ, ಗೋಡೆಯುದ್ದಕ್ಕೂ ಹೊಳೆಯುವ ತಾಮ್ರದ ಪಾತ್ರೆಗಳು, ಬೆಳಗಿ ಬೆಳಗಿ ಅಂಚು ತೆಳ್ಳಗಾದವು, ಪಾತ್ರೆ ಬೆಳಗುವ ಮನೆ ಅಂದೆ. ಹಂಗಾದ್ರೆ? ಹಂಗಾದ್ರೆ ಏನು, ಸಂಜೆವರೆಗೂ ಟೈಮಿದೆ, ಅಂದೆ. ಹೂಂ, ನಿಂಗೆ ಬಿಟ್ಟಿದ್ದು, ಆದ್ರೆ ಒಂದ್ ಮಾತು ಹೇಳ್ತೀನಿ, ಅವ್ಳು ನಮ್ಮನೇಲೇ ಇದ್ರೆ ನಂಗೂ ಸುಖಾನೇ, ಅಂಗಡಿ ನಡ್ಯತ್ತೆ, ಹಂಗಂತ ಬೇಡ ಅಂದ್ಬಿಡ್ಬೇಡ — ಇಟ್ಟುಬಿಟ್ಟರು, ಇಡುವ ಮುಂಚೆ ಮೂಗು ಸೀಟಿದ್ದು ಕೇಳಿಸಿತು.

ಏಣಿ ಕಿರುಗುಟ್ಟಿತು, ಆ ತಾಯಿ ಇಳಿದು ಬಂದಳು, ಕೂದಲಲ್ಲಿ ಹುಲ್ಲು, ಪಾತ್ರೆಯೊಳಗೆ ಬಗ್ಗಿ ನೋಡಿದಳು, ನನ್ನ ಮುಖ ನೋಡಿದಳು, ಮೂಲೆಯಿಂದ ಕುಕ್ಕರ್ ಎತ್ತಿ ತೋರಿಸಿದಳು, ನಾನು ಬೇಡವೆಂದು ತಲೆಯಾಡಿಸಿದೆ, ಅವಳು ಇನ್ನೊಮ್ಮೆ ತೋರಿಸಿ ಸೀಟಿಯ ಹಾಗೆ ಬಾಯಿಂದ ಸುಯ್ ಎಂದಳು, ನಾನೂ ಹಟಕ್ಕೆ ಬಿದ್ದವಳ ಹಾಗೆ ಹೆಬ್ಬೆರಳು ಎತ್ತಿ ತೋರಿಸಿದೆ, ಅವಳಿಗೇನು ಅರ್ಥವಾಯಿತೋ. ಬಾಗಿಲ ಹೊರಗೆ ಮೂಟೆ ಹೊಲಿಯುತ್ತಿದ್ದ ರಿಗ್ಜಿನ್ ಅಲ್ಲಿಂದಲೇ, ಅಮ್ಮಾ, ಇಲ್ಲಿ ನೀರು ಬೇಗ ಕುದಿಯತ್ತೆ, ಆದ್ರೆ ಅಷ್ಟು ಬಿಸಿ ಆಗಲ್ಲ, ಸಂಜೆ ತನಕ ಕುದಿಸಿದ್ರೂ ಅಷ್ಟೇ, ಎಂದ. ಇದನ್ನು ಬೆಳಗ್ಗೆಯೇ ಹೇಳಬಾರದಿತ್ತಾ ಎಂದು ಕೇಳಿದರೆ, ನೀವು ಬೇಳೆ ಅಂಗಡಿಯೋರು, ನಿಮಗೆ ನಾನು ಹೇಳೋದಾ, ಎಂದು ತಲೆ ತಗ್ಗಿಸಿ ದಬ್ಬಳ ಎಳೆದ, ನಾಚಿಕೆಯಾಯಿತು, ಬೇಳೆಯದೂ ತಪ್ಪಲ್ಲ ಬೆರಳಿನದೂ ತಪ್ಪಲ್ಲ, ಇಷ್ಟು ಎತ್ತರಕ್ಕೆ ಬಂದು ಚಾಮರಾಜಪೇಟೆಯ ಕುದಿಯನ್ನು ನಂಬಿಕೊಂಡು ಕೂತಿದ್ದೆನಲ್ಲ. ಆ ತಾಯಿ ನನ್ನ ಮುಂದೆ ಪುಟ್ಟ ಬಟ್ಟಲು ಇಟ್ಟಳು, ಕೆಟಲಿನಿಂದ ಚಹಾ ಬಗ್ಗಿಸಿದಳು, ನಿನ್ನೆಯದಕ್ಕಿಂತ ಸ್ವಲ್ಪ ತೆಳು ಬಣ್ಣ, ಮೇಲೆ ಬೆಣ್ಣೆಯ ಹೊಳಪು, ದೋನ್‌ಲೇ, ದೋನ್, ಎಂದಳು, ಕುಡಿ ಎಂದಿರಬೇಕು, ಚಹಾ ತಾನೆ, ಚಹಾಕ್ಕೆ ಅಡ್ಡಿಯಿಲ್ಲ, ನಿನ್ನೆಯೂ ಕುಡಿದಿದ್ದೆ, ಹಸಿವೂ ಇತ್ತು, ಎತ್ತಿ ಬಾಯಿ ತುಂಬ ತುಂಬಿಕೊಂಡೆ — ಆಗಲೇ ತೊಳೆದ ಮೂಲಂಗಿ ಹಿಡಿದು ಬಾಗಿಲಿಗೆ ಬಂದ ಶರಣ್ಯ ಕೂಗಿದಳು, ಅತ್ತೆ, ಬೇಡ, ನುಂಗ್ಬೇಡಿ, ಅದಕ್ಕೆ ಉಪ್ಪು ಹಾಕಿರ್ತಾರೆ.

ಉಪ್ಪು. ಬಾಯಿ ತುಂಬ ಉಪ್ಪು ಬೆಣ್ಣೆ ಬಿಸಿ, ನಾಲಿಗೆ ಹಿಂದೆ ಸರಿಯಿತು, ಶರಣ್ಯ ಮೂಲಂಗಿ ಅಲ್ಲೇ ಬಿಟ್ಟು ಓಡಿ ಬಂದು ಖಾಲಿ ಪಾತ್ರೆಯೊಂದನ್ನು ನನ್ನ ಗದ್ದದ ಕೆಳಗೆ ಹಿಡಿದಿದ್ದಾಳೆ, ಉಗುಳಿ ಅತ್ತೆ, ನೀವು ಗೊತ್ತಿಲ್ದೆ ಕುಡಿದಿದ್ದು, ಇದು ಲೆಕ್ಕಕ್ಕಿಲ್ಲ, ಉಗುಳ್ಬಿಡಿ, ಹುಚ್ಚಿ, ಬಾಯಿ ಮುಚ್ಚಿಕೊಂಡು ನಿಂತಿದ್ದರೆ ನಿನ್ನ ಕೆಲಸ ಆಗುತ್ತಿತ್ತಲ್ಲೇ, ನನಗಾಗಿ ನಿನ್ನ ಮದುವೆಯ ಮೇಲೆ ಉಗುಳಲು ನೀನೇ ಪಾತ್ರೆ ಹಿಡಿಯುತ್ತೀಯಾ, ಇಂಥವಳನ್ನು ನಾನು — ದಬ್ಬಳದ ಸದ್ದು ನಿಂತಿದೆ, ರಿಗ್ಜಿನ್ ಬಾಗಿಲಲ್ಲಿ, ಅವನಿಗೆ ಏನೂ ತಿಳಿಯುತ್ತಿಲ್ಲ, ಆ ತಾಯಿಗೂ ತಿಳಿಯುತ್ತಿಲ್ಲ, ತನ್ನ ಚಹಾ ಕೆಟ್ಟಿದೆಯೇನೋ ಎಂದು ಕೆಟಲಿನ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದಾಳೆ, ಕೂದಲಲ್ಲಿ ಇನ್ನೂ ಆ ಹುಲ್ಲು, ಪ್ರಭೂ, ನಿನಗೆ ತಟ್ಟೆ ಚಾಚುವುದಕ್ಕೆ ಎಷ್ಟು ಹೊತ್ತು ಬೇಕಾಗಿತ್ತಪ್ಪ, ಒಂದು ಕ್ಷಣವೂ ಬೇಕಾಗಿರಲಿಲ್ಲ, ನುಂಗಿದೆ. ಗಂಟಲಿನಿಂದ ಹೊಟ್ಟೆಯವರೆಗೆ ಬೆಚ್ಚಗೆ ಇಳಿಯಿತು. ಅತ್ತೆ, ಎಂದಳು ಶರಣ್ಯ, ಕೇಳಿಸದಷ್ಟು ಮೆಲ್ಲಗೆ. ನಿಂತ್ಕೊಂಡು ಏನ್ ನೋಡ್ತಿದೀಯ, ಅವ್ರ ಹತ್ರ ಆ ಕುಕ್ಕರ್ ಇಸ್ಕೊಂಡು ಬೇಳೆ ಅದಕ್ಕೆ ಹಾಕು, ಸಂಜೆ ಅವ್ರ ಮಾವ ಬರ್ತಾರೆ, ಎಲ್ಲಾರ್ಗೂ ಸೇರಿ ಸಾರು ಮಾಡ್ಬೇಕು, ಉಪ್ಪು ಈ ಮನೇದೇ ಹಾಕು, ಅಂದೆ. ಅವಳು ಪಾತ್ರೆ ಹಿಡಿದೇ ಕೂತುಬಿಟ್ಟಳು, ಪಾತ್ರೆಯೊಳಗೆ ಮುಖ ಇಟ್ಟು ಅಳುತ್ತಿದ್ದಾಳೋ ನಗುತ್ತಿದ್ದಾಳೋ, ಕಿಸಕ್ ಎಂದಿತೋ, ಸರಿಯಾಗಿ ಕೇಳಿಸಲಿಲ್ಲ, ಆ ತಾಯಿ ನಡುವೆ ಬಂದಳು, ಬಟ್ಟಲಿನಲ್ಲಿ ಕಡಿಮೆಯಾದಷ್ಟನ್ನು ಮತ್ತೆ ತುಂಬಿದಳು, ದೋನ್‌ಲೇ, ಒಂದು ಗುಟುಕು ಕುಡಿದೆ, ಮತ್ತೆ ತುಂಬಿದಳು, ಈ ಋಣ ತೀರಿಸುವುದು ಹೇಗಮ್ಮಾ, ಕುಡಿದಷ್ಟೂ ತುಂಬಿದರೆ, ಇನ್ನೊಂದು ಗುಟುಕು, ಮತ್ತೆ, ಅಂಚಿನವರೆಗೆ, ಬೆಣ್ಣೆಯ ಸಣ್ಣ ಕಣ್ಣುಗಳು ತೇಲುವ ತುಂಬಿದ ಬಟ್ಟಲು, ತುಂಬಿದ ಬಟ್ಟಲು —