ಬೇರಿದ್ದ ಹುಲ್ಲು

ಪ್ರಾಪ್ತಿ ಹೊಡೆದ ಚೆಂಡು ಎಲ್ಲಿ ಬಿದ್ದಿದೆಯೆಂದು ಚಾರ್ಲ್ಸರಿಗೆ ನೋಡದೆಯೇ ಗೊತ್ತಾಯಿತು. ಗಾಲ್ಫ್ ಕ್ಲಬ್ಬಿನ ಏಳನೇ ಗುಳಿಗೆ ಹೋಗುವ ದಾರಿಯ ಬಲಕ್ಕೆ, ಕೆಂಪು ಗೂಟ ನೆಟ್ಟ ಹಳ್ಳದಲ್ಲಿ. ಕಳೆದ ಮೂರು ಶನಿವಾರ ಅವರ ಚೆಂಡೂ ಅಲ್ಲಿಗೇ ಹೋಗಿತ್ತು. ಒಂದು ಸಲ ಬೇಕೆಂದೇ ಎಡಕ್ಕೆ ಹೊಡೆದಿದ್ದರು. ಅದು ಗಾಳಿಮರದ ಕಾಂಡಕ್ಕೆ ಬಡಿದು, ಹಟ ಹಿಡಿದ ಹಾಗೆ ಉರುಳುತ್ತ ಉರುಳುತ್ತ ಹಳ್ಳಕ್ಕೇ ಇಳಿದಿತ್ತು.

"ಹೋಯ್ತಾ ಅಂಕಲ್?"

"ಹೋಗ್ಲಿಕ್ಕೆ ಎಂತ ಉಂಟು? ಸಿಗ್ತದೆ, ಬಾ," ಎಂದರು.

ಪ್ರಾಪ್ತಿ, ಹಿಂದೆ ಚಾರ್ಲ್ಸರ ಜೊತೆ ಆಡುತ್ತಿದ್ದ ಮೋಹನದಾಸರ ಮಗಳು. ಬಜಪೆಯಲ್ಲಿ ಅಪ್ಪ ನಡೆಸುತ್ತಿದ್ದ ಹಾರ್ಡ್‌ವೇರ್ ಅಂಗಡಿಯನ್ನು ಈಗ ಅವಳೇ ನೋಡಿಕೊಳ್ಳುವುದು. ಅಪ್ಪ ತೀರಿಹೋದ ಮೇಲೆ ಅಟ್ಟ ಸೇರಿದ್ದ ಅವರ ಗಾಲ್ಫ್ ಚೀಲವನ್ನು ಇಳಿಸಿ, ಬೂಸ್ಟು ಒರೆಸಿ, "ನನ್ನ ಜೊತೆ ಒಂದು ಸುತ್ತು ಆಡ್ತೀರಾ?" ಎಂದು ಫೋನು ಮಾಡಿದ್ದಳು. ಇಲ್ಲವೆನ್ನಲು ಚಾರ್ಲ್ಸರ ಹತ್ತಿರ ಇದ್ದದ್ದು ಒಂದೇ ಕಾರಣ. ಅದು ಬಾಯಿಬಿಟ್ಟು ಹೇಳುವಂಥದ್ದಲ್ಲ.

ಚಾರ್ಲ್ಸ್ ಆಟ ಕಲಿತದ್ದು ಬಹರೈನಿನ ಮರಳಿನಲ್ಲಿ. ಅಂಗೈಯಗಲದ ಪ್ಲಾಸ್ಟಿಕ್ ಹುಲ್ಲಿನ ತುಂಡೊಂದನ್ನು ಕಂಕುಳಲ್ಲಿಟ್ಟುಕೊಂಡು ನಡೆಯುವುದು, ಚೆಂಡು ಬಿದ್ದಲ್ಲಿ ಅದನ್ನು ಹಾಸಿ ಹೊಡೆಯುವುದು. ಊರಿಗೆ ಬಂದ ಮೇಲೆ ಅವರಷ್ಟು ನಿಯಮ ತಿಳಿದವರು ಕ್ಲಬ್ಬಿನಲ್ಲಿ ಇನ್ನೊಬ್ಬರಿರಲಿಲ್ಲ. ಕ್ರಿಸ್ತುವರನ್ನು ತುಳುವರು ಕರೆಯುವ ಹಾಗೆ ಮೋಹನದಾಸ್ ಚಾರ್ಲ್ಸರನ್ನು ಪೊರ್ಬುಗಳೇ ಎಂದೇ ಕರೆಯುತ್ತಿದ್ದದ್ದು. "ಹುಲ್ಲಿಲ್ಲದ ಊರಿಂದ ಬಂದು ನಮಗೆ ಹುಲ್ಲಿನ ಕಾನೂನು ಹೇಳ್ತಾರೆ ಮಾರಾಯ್ರೆ. ನಮ್ಮ ಪೊರ್ಬುಗಳಿಗೆ ಬೈಬಲ್ ತಪ್ಪೀತು, ರೂಲ್ ಬುಕ್ ತಪ್ಪಲಿಕ್ಕಿಲ್ಲ."

ಆಗಿನ ಕಾನೂನು ಹೀಗಿತ್ತು: ಹಳ್ಳದೊಳಗೆ ಬಿದ್ದ ಚೆಂಡನ್ನು ಹೊಡೆಯುವ ಮೊದಲು ಕೋಲು ನೆಲಕ್ಕೆ ತಾಗಬಾರದು. ಬೇರೂರಿ ನಿಂತ ಹುಲ್ಲಿಗೆ ತಾಗಿದರೆ ಅಡ್ಡಿಯಿಲ್ಲ. ಕಡಿದು ಬಿದ್ದ ಹುಲ್ಲಿಗೆ ತಾಗಿದರೆ ಎರಡು ಹೊಡೆತ ದಂಡ. ಬದುಕಿದ್ದನ್ನು ಮುಟ್ಟಬಹುದು, ಸತ್ತದ್ದನ್ನು ಮುಟ್ಟಬಾರದು.

ಎರಡು ಸಾವಿರದ ಹದಿನೇಳರ ಫೈನಲಿನಲ್ಲಿ ಮೋಹನದಾಸರ ಚೆಂಡು ಇದೇ ಹಳ್ಳಕ್ಕೆ ಬಿದ್ದಿತ್ತು. ಅವರು ಕೋಲನ್ನು ಹಿಂದಕ್ಕೆ ಎತ್ತುವಾಗ ಒಣಗಿದ ಹುಲ್ಲಿನ ಕುಚ್ಚೊಂದು ಅಲುಗಿತು. ಲೆಕ್ಕ ಬರೆಯುವ ಕಾರ್ಡು ಚಾರ್ಲ್ಸರ ಕೈಯಲ್ಲಿತ್ತು.

"ಸತ್ತ ಹುಲ್ಲು ಮುಟ್ಟಿದಿರಿ, ಮೋಹನಣ್ಣ."

"ಬೇರುಂಟು ಪೊರ್ಬುಗಳೇ. ಬೇಕಾದ್ರೆ ಎಳೆದು ನೋಡಿ."

ಚಾರ್ಲ್ಸ್ ಎಳೆದು ನೋಡಲಿಲ್ಲ. ಕಂಡದ್ದು ಕಂಡದ್ದೇ ಎಂದರು. ಮೋಹನದಾಸ್ ಚಾರ್ಲ್ಸರ ಮುಖ ನೋಡಿದರು. "ನೀವು ಹೇಳಿದ ಮೇಲೆ ಹೌದಿರ್ಬೇಕು. ಬರೆಯಿರಿ," ಎಂದರು. ಒಂದೇ ಒಂದು ಹೊಡೆತದ ಅಂತರದಲ್ಲಿ ಕಪ್ಪು ಚಾರ್ಲ್ಸರಿಗೆ ಬಂತು.

ಆ ಸಂಜೆ, ಫೋಟೋ ತೆಗೆಯುವ ಮೊದಲು, ಚಾರ್ಲ್ಸ್ ಒಬ್ಬರೇ ಹಳ್ಳಕ್ಕೆ ಇಳಿದು ಆ ಕುಚ್ಚನ್ನು ಎಳೆದಿದ್ದರು. ಬರಲಿಲ್ಲ. ಎರಡೂ ಕೈ ಹಾಕಿ ಎಳೆದರು. ತೋರುಬೆರಳು ಕೊಯ್ದು ರಕ್ತ ಬಂತೇ ಹೊರತು ಹುಲ್ಲು ಬರಲಿಲ್ಲ. ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಮೇಲೆ ಬಂದು, ಕಪ್ಪು ಹಿಡಿದು ನಗುತ್ತ ನಿಂತರು. ನಾಳೆ ಹೇಳಿದರಾಯಿತು ಎಂದುಕೊಂಡಿದ್ದರು. ನಾಳೆಗಳು ಸಾಲಾಗಿ ಹೋದವು. ಕ್ಲಬ್ಬಿನಲ್ಲಿ ಯಾರೋ ನಗೆಗೆಂದು 'ಹುಲ್ಲು ಮೋಹನ' ಎಂದರು, ಹೆಸರು ಅಂಟಿತು. ಮೋಹನದಾಸ್ ಬರುವುದನ್ನೇ ಬಿಟ್ಟರು. ಮರುವರ್ಷದ ಡಿಸೆಂಬರಿನಲ್ಲಿ ತೀರಿಹೋದರು. ಜನವರಿಯಲ್ಲಿ ಹೊಸ ನಿಯಮ ಬಂತು: ಹಳ್ಳದಲ್ಲಿ ನೆಲ, ಕಡ್ಡಿ, ಹುಲ್ಲು ಯಾವುದನ್ನು ಬೇಕಾದರೂ ಮುಟ್ಟಬಹುದು.

ಈಗ ತುಳುವರ ಆಟಿ ತಿಂಗಳ ಮಳೆ ಒಂದು ಗಳಿಗೆ ಬಿಟ್ಟಿತ್ತು. ಇಬ್ಬರೂ ಜಾರುತ್ತ ಕೆಳಗಿಳಿದರು. ಹಳ್ಳವಿಡೀ ಕಣ್ಣು ಕುಕ್ಕುವ ಹಸಿರು. ನಡುವೆ ಒಂದೇ ಒಂದು ಕುಚ್ಚು ಮಾತ್ರ ಬೈಹುಲ್ಲಿನ ಬಣ್ಣಕ್ಕೆ ಒಣಗಿ ನಿಂತಿತ್ತು. ಅದರ ಬುಡದಲ್ಲಿ ಪ್ರಾಪ್ತಿಯ ಚೆಂಡು.

ದಿಬ್ಬದ ಮೇಲೆ ಹುಲ್ಲು ಕತ್ತರಿಸುತ್ತಿದ್ದ ಹಾಶಿಂ ಮಿಷಿನ್ ನಿಲ್ಲಿಸಿದ. "ಸಾರ್, ಆ ಕುಚ್ಚನ್ನು ಸೋಮವಾರ ನಾನೇ ನೆಲಮಟ್ಟಕ್ಕೆ ತೆಗೆದದ್ದು. ಪುನಃ ಉಂಟು ನೋಡಿ. ಅದು ಹುಟ್ಟುವುದೇ ಒಣಗಿಕೊಂಡು."

ಹೊಳೆಯ ಕಡೆಯಿಂದ ಗಾಳಿ ಬೀಸಿತು. ಹಸಿರು ಹುಲ್ಲೆಲ್ಲ ಒಂದೇ ಮಗ್ಗುಲಿಗೆ ಬಾಗಿತು. ಕುಚ್ಚು ಬಾಗಲಿಲ್ಲ.

ಪ್ರಾಪ್ತಿ ಕಾಲು ಊರಿ ನಿಂತಳು. ಅಪ್ಪನ ಕೋಲನ್ನು ಚೆಂಡಿನ ಹಿಂದೆ, ನೆಲದಿಂದ ನಾಲ್ಕು ಬೆರಳು ಮೇಲೆ ಹಿಡಿದಳು. ಮೋಹನದಾಸ್ ನಿಲ್ಲುತ್ತಿದ್ದದ್ದೂ ಹಾಗೆಯೇ, ಎಡ ಭುಜ ತುಸು ತಗ್ಗಿಸಿಕೊಂಡು.

"ಈಗ ನೆಲಕ್ಕೆ ತಾಗಿಸಬಹುದು, ಮಗಾ. ರೂಲು ಬದಲಾಗಿದೆ."

"ಗೊತ್ತುಂಟು. ಅಪ್ಪ ಕಲಿಸಿದ್ದು ಹೀಗೆ."

ಅವಳ ಕೋಲು ಗಾಳಿಯಲ್ಲೇ ಇತ್ತು. ಆದರೆ ಚೆಂಡಿನ ಹಿಂದಿನ ಹಸಿ ಕೆಸರಿನಲ್ಲಿ ಒಂದು ಅಚ್ಚು ಕಂಡಿತು. ಯಾರೋ ಈಗಷ್ಟೇ ಕೋಲಿನ ತಲೆಯನ್ನು ಊರಿ ಎತ್ತಿದಂಥ ಅಚ್ಚು. ಕಳೆದ ಮೂರು ಶನಿವಾರವೂ ಚಾರ್ಲ್ಸ್ ಅದನ್ನು ಕಂಡಿದ್ದರು. ಹೆಂಡತಿ ಜೆಸ್ಸಿಗೆ ಹೇಳಿದಾಗ ಅವಳು, "ಕಣ್ಣಿನ ಪೊರೆ ತೆಗೆಸಿಕೊಳ್ಳಿ ಅಂದ್ರೆ ಕೇಳುವುದಿಲ್ಲ," ಎಂದಿದ್ದಳು.

ಪ್ರಾಪ್ತಿ ಹೊಡೆಯಲಿಲ್ಲ. ಚೆಂಡನ್ನೇ ನೋಡುತ್ತ ಹೇಳಿದಳು. "ಆಟಿಯಲ್ಲಿ ಸತ್ತವರಿಗೆ ಬಡಿಸುವುದುಂಟಲ್ಲ, ನಿನ್ನೆ ಅಪ್ಪನಿಗೆ ಬಡಿಸಿದೆವು. ಎಲೆ ಹಾಕಿ, ಬಾಗಿಲು ಎಳೆದುಕೊಂಡು ಹೊರಗೆ ನಿಂತಿದ್ದೆವು. ಅಮ್ಮ ಇದ್ದಕ್ಕಿದ್ದ ಹಾಗೆ ಹೇಳಿದ್ರು, ಚಾರ್ಲ್ಸರಿಗೆ ಒಮ್ಮೆ ಸಿಕ್ಕಿ ಬಾ ಅಂತ."

"ದೇಯಿಯಕ್ಕ ಹೇಳಿದ್ರಾ?"

"ಹೌದು. ಈಗ ಇಲ್ಲಿ ಮೇಲೆ ಕ್ಯಾಂಟೀನಿನಲ್ಲಿ ಒಬ್ರು ನನ್ನನ್ನು ತೋರಿಸಿ, ಇದು ಹುಲ್ಲು ಮೋಹನನ ಮಗಳು ಅಂದ್ರು. ನಂಗೆ ಕೇಳಿತು." ಅವಳು ತಲೆಯೆತ್ತಿದಳು. "ಆಸ್ಪತ್ರೆಯಲ್ಲಿ ಮಲಗಿದ್ದಾಗ್ಲೂ ಅಪ್ಪ ಅದೇ ಹೇಳ್ತಿದ್ರು. ಪೊರ್ಬುಗಳು ಸುಳ್ಳು ಹೇಳುವ ಜನ ಅಲ್ಲ, ನನ್ನ ಕಣ್ಣೇ ತಪ್ಪಿರ್ಬೇಕು ಅಂತ. ಹೌದಾ ಅಂಕಲ್? ಅದು ಸತ್ತ ಹುಲ್ಲಾ?"

ಚಾರ್ಲ್ಸರ ತೋರುಬೆರಳಿನ ಹಳೆಯ ಗಾಯದ ಗೆರೆ ಚುರುಗುಟ್ಟಿತು. ಹೌದು ಎಂದರೆ ಮುಗಿಯಿತು. ಅವಳು ಚೆಂಡು ಹೊಡೆಯುತ್ತಾಳೆ, ಮೇಲೆ ಹೋಗಿ ಚಹಾ ಕುಡಿಯುತ್ತಾರೆ, ಬರುವ ಶನಿವಾರ ಮತ್ತೆ ಇಲ್ಲಿಗೆ ಇಳಿಯುತ್ತಾರೆ.

"ಎಳೆದು ನೋಡು," ಎಂದರು.

"ಎಂತ?"

"ಆ ಕುಚ್ಚು. ಅವತ್ತು ನಿನ್ನ ಅಪ್ಪ ನನಗೆ ಎಳೆದು ನೋಡಿ ಅಂದ್ರು. ನಾನು ಆಗ ಎಳೀಲಿಲ್ಲ. ಎಲ್ಲರೂ ಹೋದ ಮೇಲೆ ಬಂದು ಎಳೆದೆ." ತೋರುಬೆರಳನ್ನು ಅವಳ ಮುಂದೆ ಚಾಚಿದರು. "ಬರ್ಲಿಲ್ಲ, ಮಗಾ. ಬೇರಿತ್ತು. ಅವರು ಹೇಳಿದ್ದೇ ಸರಿ. ಗೊತ್ತಿದ್ದೂ ನಾನು ಮೇಲೆ ಹೋಗಿ ಕಪ್ಪು ಹಿಡಿದುಕೊಂಡೆ."

ಪ್ರಾಪ್ತಿ ಬೈದಿದ್ದರೆ ಒಳ್ಳೆಯದಿತ್ತು. ಅವಳು ಕೋಲನ್ನು ಚೀಲಕ್ಕೆ ಸೇರಿಸಿ, ಕೆಸರಿನಲ್ಲಿ ಮೊಣಕಾಲೂರಿ, ಒಂದೇ ಕೈಯಲ್ಲಿ ಕುಚ್ಚಿನ ಬುಡ ಹಿಡಿದಳು.

ಕುಚ್ಚು ಬಂತು. ಜಗ್ಗಬೇಕಾಗಲೇ ಇಲ್ಲ, ಕಾಯುತ್ತಿದ್ದವರು ಕೈ ಕೊಟ್ಟು ಎದ್ದ ಹಾಗೆ ಬಂತು. ಹಿಂದೆಯೇ ಬೇರು. ಬೆಳ್ಳಗಿನ ಎಳೆ ಬೇರು, ಒಂದು ಮೊಳ, ಎರಡು ಮೊಳ, ಎಳೆದಷ್ಟೂ ಬರುತ್ತಿತ್ತು. ತುದಿ ಹೊರಬಿದ್ದಾಗ ಅದರಿಂದ ತೊಟತೊಟ ನೀರು ಸುರಿಯಿತು. ಮೇಲೆ ಹಾಶಿಂ ಬಾಯಿಯೊಳಗೇ ಏನನ್ನೋ ಪಠಿಸಿದ.

ಪ್ರಾಪ್ತಿ ಅದನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು, ಚೆಂಡನ್ನೂ ಚೀಲವನ್ನೂ ಅಲ್ಲಿಯೇ ಬಿಟ್ಟು, ದಿಬ್ಬ ಹತ್ತಿ ಕ್ಯಾಂಟೀನಿನ ಕಡೆ ನಡೆದಳು. ಬೇರು ಅವಳ ಹಿಂದೆ ಹುಲ್ಲಿನ ಮೇಲೆ ಗೆರೆ ಎಳೆಯುತ್ತ ಹೋಯಿತು.

ಮಳೆ ಪುನಃ ಹಿಡಿಯಿತು. ಚೆಂಡಿನ ಹಿಂದಿನ ಅಚ್ಚಿನಲ್ಲಿ ನೀರು ತುಂಬಿಕೊಳ್ಳತೊಡಗಿತು. ಚಾರ್ಲ್ಸ್ ಅಲ್ಲೇ ನಿಂತಿದ್ದರು, ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ತಾಗಗೊಡದೆ ನಾಲ್ಕು ಬೆರಳು ಮೇಲೆತ್ತಿ ಹಿಡಿದುಕೊಂಡು.